ರಸ್ತೆ ಬದಿಯ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಸರಿಸಬೇಕಾಗಿ ಬಂದಾಗ ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆ: ಕೆರೆಏರಿ

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನ ನಮ್ಮ ಊರಿನಲ್ಲಿ, ಬಸ್ಸು ನಿಲ್ಲುವ ತಿರುವಿನ ಪಕ್ಕದಲ್ಲಿ ಕಾದಿ ಸತ್ತವನ ನೆನಪಿನ ಒಂದು ವೀರಗಲ್ಲೂ, ಅದಕ್ಕೆ ಒತ್ತಿಕೊಂಡಂತೆ ಗಂಡನ ಚಿತೆಯೇರಿದವಳ ನೆನಪಿನ ಒಂದು ಮಾಸ್ತಿಕಲ್ಲೂ ನಿಂತಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ ಯೋಧನಿದ್ದಾನೆ, ಅವನ ಬೆನ್ನ ಹಿಂದೆ ದನಗಳ ಸಾಲಿದೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ಅರ್ಚಕ, ಬಸವ, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿ ಅಕ್ಷರಗಳಿವೆಯೆಂಬುದು ಬೆರಳಾಡಿಸಿದರೆ ತಿಳಿಯುತ್ತದೆ, ಆದರೆ ತಲೆಮಾರುಗಳ ಎಣ್ಣೆ ಕುಂಕುಮಗಳು ಗಟ್ಟಿಯಾಗಿ ಕೂತಿರುವುದರಿಂದ ಒಂದಕ್ಷರವನ್ನೂ ಓದಲಾಗುವುದಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಾ ಹೋದದ್ದರಿಂದ ಯೋಧನ ಮೊಣಕಾಲಿನವರೆಗೂ ಕಲ್ಲು ನೆಲದೊಳಗೆ ಹೂತುಹೋಗಿದೆ.

ಈಗ ರಸ್ತೆ ಅಗಲವಾಗುತ್ತಿದೆ. ಗುರುತು ಹಾಕಿರುವ ಗೆರೆ ಎರಡೂ ಕಲ್ಲುಗಳ ಹಿಂದಕ್ಕೆ ಹಾದುಹೋಗಿದೆ. ಗುತ್ತಿಗೆದಾರರ ಕಡೆಯವರು ಜೆಸಿಬಿಯಿಂದ ಕಿತ್ತು ದೇವಸ್ಥಾನದ ಹಿಂಭಾಗದಲ್ಲಿ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ಊರಿನ ಕೆಲವರು ಒಳ್ಳೆಯ ಮನಸ್ಸಿನಿಂದಲೇ ಚಂದಾ ಎತ್ತಿ, ಗ್ರಾನೈಟ್ ಹಾಸಿದ ಮಂಟಪ ಕಟ್ಟಿ, ಕಲ್ಲುಗಳನ್ನು ಉಜ್ಜಿ ತೊಳೆದು ಬಣ್ಣ ಬಳಿಸಬೇಕು ಎನ್ನುತ್ತಾರೆ. ಓದಿಕೊಂಡ ಹುಡುಗರು ಇವು ಇಲ್ಲಿದ್ದರೆ ಹಾಳಾಗುತ್ತವೆ, ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಡೋಣ ಎನ್ನುತ್ತಾರೆ. ನಿತ್ಯ ದೀಪವಿಡುವ ಮನೆಯವರು ಕಲ್ಲನ್ನು ಅಲುಗಿಸಿದರೆ ಊರಿಗೆ ಕೇಡು ಎಂದು ಹೆದರಿದ್ದಾರೆ.

ಇದರ ಜೊತೆಗೆ ಇನ್ನೊಂದು ಸಂಕಟವಿದೆ. ಅದೇ ತಿರುವಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ನಮ್ಮೂರ ಯುವಕನೊಬ್ಬನ ಭಾವಚಿತ್ರವಿರುವ ಶ್ರದ್ಧಾಂಜಲಿ ಫ್ಲೆಕ್ಸನ್ನು ಅವನ ಗೆಳೆಯರು ವೀರಗಲ್ಲಿಗೇ ಆನಿಸಿ ಕಟ್ಟಿದ್ದಾರೆ. ಅದು ಬಿಸಿಲಿಗೆ ಮಾಸಿ, ಮಳೆಗೆ ಹರಿದು, ಮುಖವೇ ಗುರುತು ಸಿಗದಂತಾಗಿದೆ. ತೆಗೆಯಲು ಯಾರಿಗೂ ಮನಸ್ಸಿಲ್ಲ, ಹಾಗೇ ಬಿಡುವುದೂ ಸರಿಯೆನಿಸುವುದಿಲ್ಲ. ಇನ್ನೇನು ಗ್ರಾಮಸಭೆ ನಡೆಯಲಿದೆ. ಸತ್ತವರಿಗೆ ಅಗೌರವವಾಗದಂತೆ, ಬದುಕಿರುವವರ ಮನಸ್ಸೂ ನೋಯದಂತೆ ಏನು ಮಾಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಳಗನ್ನಡದ ಓದುಗ

ನಿಮ್ಮ ಪ್ರಶ್ನೆಯಲ್ಲಿ ಎಲ್ಲರ ಅಭಿಪ್ರಾಯವೂ ಬಂದಿದೆ, ಆದರೆ ಆ ಕಲ್ಲು ಯಾರದು ಎಂಬುದು ಮಾತ್ರ ಬಂದಿಲ್ಲ. ಅಲ್ಲಿಂದಲೇ ಆರಂಭಿಸಬೇಕೆಂದು ನನ್ನ ವಿನಂತಿ. ದನಗಳ ಸಾಲು ಇರುವುದರಿಂದ ಅದು ತುರುಗೊಳ್ ಕಾಳಗದ ಕಲ್ಲು, ಅಂದರೆ ಊರಿನ ದನಗಳನ್ನು ಅಟ್ಟಿಕೊಂಡು ಹೋಗಲು ಬಂದವರನ್ನು ತಡೆದು, ದನಗಳನ್ನು ಮರಳಿಸಿ ಸತ್ತವನ ಕಲ್ಲು. ಅಂಥ ಶಾಸನಗಳಲ್ಲಿ ಸಾಮಾನ್ಯವಾಗಿ ಆಳುತ್ತಿದ್ದ ಅರಸನ ಹೆಸರು, ಶಕವರ್ಷ ಅಥವಾ ಸಂವತ್ಸರ, ಸತ್ತವನ ಹೆಸರು, ಅವನ ತಂದೆಯ ಅಥವಾ ಒಡೆಯನ ಹೆಸರು, ಕಲ್ಲನ್ನು ನಿಲ್ಲಿಸಿದವರ ಹೆಸರು ಇರುತ್ತವೆ. ಎಷ್ಟೋ ಕಲ್ಲುಗಳಲ್ಲಿ ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕವೂ ಕಾಣಸಿಗುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ನಿಮ್ಮ ಕಲ್ಲಿನ ನಡುವಿನ ಪಟ್ಟಿಕೆ ಆ ಮಾತನ್ನೇ ಚಿತ್ರದಲ್ಲಿ ಹೇಳುತ್ತಿದೆ.

ನಿಮ್ಮ ಕೆಲಸ ನೀವು ಅಂದುಕೊಂಡಿರುವುದಕ್ಕಿಂತ ಸುಲಭವಾಗಿರಬಹುದು. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳು ಊರುಗಳ ಹೆಸರಿನೊಂದಿಗೆ, ಕ್ರಮಸಂಖ್ಯೆಯೊಂದಿಗೆ ಅಚ್ಚಾಗಿವೆ. ಅದು 1904ರ ಸಂಪುಟ. ಆಗ ಕಲ್ಲಿನ ಮೇಲೆ ಇಂದಿನಷ್ಟು ಎಣ್ಣೆಯಿರಲಿಲ್ಲ, ಯೋಧನ ಕಾಲುಗಳೂ ಮಣ್ಣಿನೊಳಗಿರಲಿಲ್ಲ. ನಿಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಿ. ಊರ ಹೆಸರಿನ ಹಳೆಯ ರೂಪ ಬೇರೆಯಿರಬಹುದಾದ್ದರಿಂದ ಅಕ್ಕಪಕ್ಕದ ಊರುಗಳನ್ನೂ ನೋಡಿ. ಪಾಠ ಸಿಕ್ಕಿದರೆ, ಕಲ್ಲಿನ ಮೇಲೆ ಉಳಿ ಅಥವಾ ಬ್ರಷ್ ತಾಗಿಸದೆಯೇ ನಿಮಗೆ ಆ ಮನುಷ್ಯನ ಹೆಸರು ಸಿಗುತ್ತದೆ.

ಸಿಗದಿದ್ದರೂ ನಿರಾಶರಾಗಬೇಡಿ. ಸಂಜೆ ಇಳಿಬಿಸಿಲಿನಲ್ಲಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಒಂದು ಬದಿಯಿಂದ ಕಲ್ಲಿನ ಮೈಗೆ ಸಮಾನಾಂತರವಾಗಿ ಹಿಡಿದು ಫೋಟೊ ತೆಗೆದರೆ, ಹಗಲಿನ ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ನೆರಳಾಗಿ ಎದ್ದು ಬರುತ್ತವೆ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮಸಿಯಿಂದ ಪಡಿಯಚ್ಚು ತೆಗೆಯುತ್ತಾರೆ. ಆದರೆ ಎಣ್ಣೆ ಮೆತ್ತಿದ ಕಲ್ಲಿನ ಮೇಲೆ ಕಾಗದ ಕೂರುವುದು ಕಷ್ಟ. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಓದುತ್ತಿದ್ದಾರೆ. ಸವೆದುಹೋದ ಅಕ್ಷರಗಳೂ ಆ ವಿಧಾನದಲ್ಲಿ ಓದಿಗೆ ಸಿಗುತ್ತಿವೆ, ಕಲ್ಲಿಗೆ ಕೈ ತಾಗಿಸುವ ಅಗತ್ಯವೂ ಅದರಲ್ಲಿಲ್ಲ.

ಗ್ರಾಮಸಭೆಯಲ್ಲಿ ‘ಒಂದು ಹಳೆಯ ಕಲ್ಲು’ ಎಂದು ಹೇಳುವುದಕ್ಕೂ, ‘ಈ ಊರಿನ ದನಗಳನ್ನು ಉಳಿಸಲು ಹೋಗಿ ಸತ್ತ ಇಂಥವನ ಮಗ ಇಂಥವನು’ ಎಂದು ಹೇಳುವುದಕ್ಕೂ ಅಜಗಜಾಂತರವಿದೆ. ಬಣ್ಣ, ಗ್ರಾನೈಟ್, ಮಂಟಪ ಎಲ್ಲದರ ಮಾತನ್ನೂ ಹೆಸರು ಗೊತ್ತಾದ ಮೇಲೆ ಆಡೋಣ.

ಉತ್ತರ: ಬಯಲುಸೀಮೆ

ವಸ್ತುಸಂಗ್ರಹಾಲಯದ ವಿಚಾರಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನು ಬಹಳ ಕಾಲ ಅದರ ಪರವಾಗಿ ವಾದಿಸುತ್ತಿದ್ದವನು. ರಸ್ತೆ ಬದಿಯ ಕಲ್ಲುಗಳಿಗೆ ಆಗುವ ಗತಿಯನ್ನು ಕಣ್ಣಾರೆ ನೋಡಿದವರಿಗೆ ಆ ವಾದ ಸಹಜವಾಗಿಯೇ ಹುಟ್ಟುತ್ತದೆ. ಚರಂಡಿಯ ಮೇಲೆ ಅಡ್ಡ ಹಾಸಿದ ವೀರಗಲ್ಲುಗಳಿವೆ, ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಕಲ್ಲಾದವುಗಳಿವೆ, ನಿಧಿಯಿದೆಯೆಂದು ನಂಬಿ ಬುಡ ಅಗೆದು ಉರುಳಿಸಿದವುಗಳಂತೂ ಲೆಕ್ಕವಿಲ್ಲದಷ್ಟಿವೆ. ಕಟ್ಟಡದೊಳಗೆ ಸೇರಿದ ಕಲ್ಲಿಗೆ ಈ ಯಾವ ಭಯವೂ ಇರುವುದಿಲ್ಲ.

ಆದರೂ ನಾನು ಅಭಿಪ್ರಾಯ ಬದಲಿಸಲು ಕಾರಣವಾದದ್ದು ಆತಕೂರಿನ ಶಾಸನ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದ ಕಾಲದ, ಅಂದರೆ 949-50ರ ಈ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ. ಗಂಗ ಅರಸ ಬೂತುಗನ ಸೇವಕ ಮಣಲೆರನು ಮೆಚ್ಚುಗೆಯಾಗಿ ಸಂಪತ್ತನ್ನು ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಹಂದಿಯೂ ನಾಯಿಯೂ ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಅಷ್ಟಕ್ಕೇ ಬಿಡದೆ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಇದನ್ನು ಓದಿದಾಗ ನನಗೆ ಹೊಳೆದದ್ದೇನೆಂದರೆ, ನಮ್ಮ ಹಿರಿಯರ ಲೆಕ್ಕದಲ್ಲಿ ಸ್ಮಾರಕವೆಂದರೆ ಕಲ್ಲೊಂದೇ ಆಗಿರಲಿಲ್ಲ. ಕಲ್ಲು, ಅದರ ಹೆಸರಿನಲ್ಲಿ ಬಿಟ್ಟ ನೆಲ, ಊಟಕ್ಕೆ ಕೂರುವ ಮುನ್ನ ಅದನ್ನು ನೆನೆಯಬೇಕಾದ ಒಬ್ಬ ಮನುಷ್ಯ, ಈ ಮೂರೂ ಕೂಡಿ ಸ್ಮಾರಕವಾಗುತ್ತಿತ್ತು. ಸತ್ತವನ ಮನೆಯವರಿಗೆ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರುಗಳಲ್ಲಿ ಭೂಮಿ ಕೊಡುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ, ನಾಯಿಯೂ ಹಂದಿಯೂ ಕಾದಾಡುವ ಶಿಲ್ಪವನ್ನು ಯಾರು ಬೇಕಾದರೂ ನೋಡಬಹುದು, ಅದಕ್ಕಾಗಿ ನಾನು ಕೃತಜ್ಞ. ಆದರೆ ಅದರ ಮುಂದೆ ದೀಪ ಹಚ್ಚಬೇಕಾದವರು ಯಾರೂ ಅಲ್ಲಿಲ್ಲ. ನಿಮ್ಮ ಊರಿನಲ್ಲಿ ದೀಪವಿಡುವ ಒಂದು ಮನೆ ಇನ್ನೂ ಇದೆ. ಅದು ಇರುವವರೆಗೆ ಕಲ್ಲನ್ನು ಊರಿಂದ ಹೊರಗೆ ಕಳುಹಿಸಬಾರದು.

ಹೆಬ್ಬಾಳದ ಉದಾಹರಣೆಯೂ ನಿಮಗೆ ನೆರವಾಗಬಹುದು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಗೆಯುವಾಗ ಸಿಕ್ಕಿದ ಕಲ್ಲು, ಗಂಗ ಶ್ರೀಪುರುಷನ ಆಳ್ವಿಕೆಯ ಸುಮಾರು 750ರ ಕಾಲದ್ದು. ಪೆರ್ಬ್ಬೊಳಲ್ನಾಡಿನ, ಅಂದರೆ ಅಂದಿನ ಹೆಬ್ಬಾಳ ಸೀಮೆಯ, ರಕ್ಷಣೆಗಾಗಿ ಕಾದಿ ಸತ್ತ ಕಿತ್ತಯ್ಯನ ಹೆಸರು ಅದರಲ್ಲಿದೆ. ಅಲ್ಲಿನ ನಿವಾಸಿಗಳೂ ಶಾಸನಾಸಕ್ತರೂ ಮುಂದೆ ನಿಂತು ಅದಕ್ಕೆ ಹೆಬ್ಬಾಳದಲ್ಲಿಯೇ ಮಂಟಪ ಮಾಡಿಸಿದರು. ಅಷ್ಟು ದೊಡ್ಡ ನಗರದಲ್ಲಿ, ಅಷ್ಟು ಇಕ್ಕಟ್ಟಿನಲ್ಲಿ ಅದು ಸಾಧ್ಯವಾಯಿತೆಂದಾದರೆ, ನಿಮ್ಮ ಬಸ್ ನಿಲ್ದಾಣದ ಹಿಂದೆ ಹತ್ತಡಿ ಜಾಗ ಸಿಗಲಾರದೇ?

ಉತ್ತರ: ತುಂಗಾತೀರ

ಇಬ್ಬರೂ ವೀರಗಲ್ಲಿನ ಬಗ್ಗೆಯೇ ಬರೆದಿರಿ. ಪಕ್ಕದ ಮಾಸ್ತಿಕಲ್ಲಿನ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ಕಂಬದಿಂದ ಚಾಚಿಕೊಂಡು ಮೇಲಕ್ಕೆ ಎತ್ತಿದ ಕೈ, ಮಣಿಕಟ್ಟಿನಲ್ಲಿ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು: ಮಾಸ್ತಿಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟೇ. ನಮ್ಮ ಕಡೆಯ ಹೆಂಗಸರು ಆ ಕೈಗೆ ಅರಿಸಿನ ಹಚ್ಚುತ್ತಾರೆ, ಹಸಿರು ಬಳೆ ಇಡುತ್ತಾರೆ, ಮಾಸ್ತಮ್ಮ ಎಂದು ಕರೆಯುತ್ತಾರೆ. ಆಕೆ ಗಂಡನ ಚಿತೆಯೇರಿ ಸುಟ್ಟುಹೋದ ಒಬ್ಬ ಹೆಣ್ಣುಮಗಳು. ಅವಳನ್ನು ಗೌರವಿಸುವುದು ಹೇಗೆ ಎಂಬುದು ವೀರನನ್ನು ಗೌರವಿಸುವಷ್ಟು ಸರಳವಲ್ಲ. ಮಂಟಪ ಕಟ್ಟಿ ‘ಪತಿವ್ರತಾ ಶಿರೋಮಣಿ ಮಹಾಸತಿ’ ಎಂದು ಬಂಗಾರದ ಅಕ್ಷರದಲ್ಲಿ ಕೆತ್ತಿಸಲು ಹೊರಟರೆ, ಅವಳಿಗಾದ ಸಾವನ್ನು ನಾವು ಇಂದು ಮತ್ತೆ ಹೊಗಳಿದಂತಾಗುತ್ತದೆ. ಸತಿ ಪದ್ಧತಿಯ ವೈಭವೀಕರಣವನ್ನು 1987ರ ಕೇಂದ್ರ ಕಾಯಿದೆ ಅಪರಾಧವೆಂದೇ ಪರಿಗಣಿಸುತ್ತದೆ. ಹಾಗೆಂದು ಆ ಕಲ್ಲನ್ನು ನಾಚಿಕೆಯ ವಸ್ತುವೆಂಬಂತೆ ಮೂಲೆಗೆ ಸರಿಸಿದರೆ, ಒಮ್ಮೆ ಸುಟ್ಟವಳನ್ನು ಈಗ ಮರೆತೂಬಿಟ್ಟಂತಾಗುತ್ತದೆ.

ನನಗೆ ದಾರಿ ತೋರಿಸಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ. ಗಂಡ ಏಚನು ಚೋಳ ಅರಸನ ಆಜ್ಞೆಯಿಂದ ತಲಕಾಡಿನಲ್ಲಿ ಸತ್ತ ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಬಿದ್ದಳೆಂದು ಅದು ಹೇಳುತ್ತದೆ. ಕವಿ ಆಕೆಯ ಧೈರ್ಯವನ್ನು ಕೊಂಡಾಡಿದ್ದಾನೆ, ನಿಜ. ಆದರೆ ಅದೇ ಕಲ್ಲಿನಲ್ಲಿ, ತಂದೆತಾಯಿಯರೂ ಬಂಧುಗಳೂ ಬೇಡವೆಂದು ತಡೆದದ್ದನ್ನೂ ಬರೆದಿದ್ದಾನೆ. ಮಗಳು ಸಾಯಬಾರದೆಂದು ಬೇಡಿಕೊಂಡ ಹೆತ್ತವರ ದನಿ ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲೂ ಉಳಿದಿರುವಾಗ, ಆಗ ಎಲ್ಲರೂ ಇದನ್ನು ಹೆಮ್ಮೆಯಿಂದಲೇ ಒಪ್ಪಿದ್ದರು ಎಂದು ನಾವು ಅಂದುಕೊಳ್ಳುವುದು ತಪ್ಪು.

ಆದ್ದರಿಂದ ನಿಮ್ಮ ಫಲಕದಲ್ಲಿ ಆಕೆಯ ಹೆಸರು ತಿಳಿದರೆ ಹೆಸರನ್ನೂ, ತಿಳಿಯದಿದ್ದರೆ ‘ಗಂಡನ ಮರಣದ ನಂತರ ಸಹಗಮನದಲ್ಲಿ ಪ್ರಾಣ ಕಳೆದುಕೊಂಡ ಈ ಊರಿನ ಹೆಣ್ಣುಮಗಳ ನೆನಪಿನ ಕಲ್ಲು’ ಎಂಬ ಸಾದಾ ವಾಕ್ಯವನ್ನೂ ಬರೆಸಿ, ವಿಶೇಷಣಗಳನ್ನು ಬಿಟ್ಟುಬಿಡಿ. ಬಳೆ ಇಡುವ ಹೆಂಗಸರನ್ನು ಯಾರೂ ತಡೆಯಬೇಡಿ. ಅವರು ಇಡುತ್ತಿರುವುದು ಬೆಂಕಿಗಲ್ಲ, ಅವಳಿಗೆ. ಎರಡೂ ಕಲ್ಲುಗಳು ಒಟ್ಟಿಗೇ ನಿಂತಿರುವುದರಿಂದ ಅವರಿಬ್ಬರೂ ಗಂಡಹೆಂಡಿರಿರಬಹುದು, ಆದರೆ ಓದದೆ ಹಾಗೆಂದು ಬರೆಸಬೇಡಿ. ಸ್ಥಳಾಂತರಿಸುವಾಗ ಒಂದನ್ನು ಒಂದು ಕಡೆ, ಇನ್ನೊಂದನ್ನು ಇನ್ನೊಂದು ಕಡೆ ಮಾತ್ರ ಮಾಡಬೇಡಿ.

ಉತ್ತರ: ಕಲ್ಲುಕೆಲಸ

ನಾನು ದೇವಾಲಯಗಳ ಜೀರ್ಣೋದ್ಧಾರದ ಕೆಲಸದಲ್ಲಿರುವವನು, ಎತ್ತುವ ಇಳಿಸುವ ವಿಷಯವನ್ನಷ್ಟೇ ಹೇಳುತ್ತೇನೆ. ಜೆಸಿಬಿಯ ಬಕೆಟ್ಟನ್ನು ಕಲ್ಲಿನ ಹತ್ತಿರಕ್ಕೂ ಬಿಡಬೇಡಿ. ಸೊರಬ, ಶಿಕಾರಿಪುರದ ಕಡೆಯ ವೀರಗಲ್ಲುಗಳಲ್ಲಿ ಎಷ್ಟೋ ಮೆದುವಾದ, ಪದರಪದರವಾಗಿ ಏಳುವ ಕಲ್ಲಿನವು. ಕಬ್ಬಿಣದ ಹಲ್ಲು ಒಮ್ಮೆ ತಾಗಿದರೆ ಒಂದು ಪದರ, ಅದರ ಜೊತೆಗೆ ಒಂದು ಸಾಲು ಶಾಸನ ಉದುರಿಹೋಗುತ್ತದೆ. ಮೊದಲು ನಾಲ್ಕೂ ಬದಿಯಿಂದ ಫೋಟೊ ತೆಗೆದು, ಮುಖ ಯಾವ ದಿಕ್ಕಿಗಿದೆ, ಎರಡು ಕಲ್ಲುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸುತ್ತಲಿನ ಮಣ್ಣನ್ನು ಕೈಗುದ್ದಲಿಯಿಂದ ಬಿಡಿಸಿ, ಕಲ್ಲಿನ ಹತ್ತಿರ ಬಂದಾಗ ಮರದ ತುಂಡಿನಿಂದ ಕೆದಕಿ. ಕೆಳಗೆ ಅಕ್ಷರವಿರಬಹುದು. ಗೋಣಿಚೀಲವನ್ನು ದಪ್ಪಗೆ ಸುತ್ತಿ, ಅಗಲವಾದ ನೈಲಾನ್ ಪಟ್ಟಿಗಳಿಂದ ಕ್ರೇನಿಗೆ ಕಟ್ಟಬೇಕು. ಸರಪಳಿಯೂ ಬೇಡ, ಉಕ್ಕಿನ ಹಗ್ಗವೂ ಬೇಡ. ಮಲಗಿಸಿ ಸಾಗಿಸುವುದಾದರೆ ಮರಳಿನ ಮೂಟೆಗಳ ಮೇಲೆ, ಕೆತ್ತನೆ ಮೇಲ್ಮುಖವಾಗಿರುವಂತೆ ಮಲಗಿಸಿ.

ಹೊಸ ಜಾಗದಲ್ಲಿ ನಿಲ್ಲಿಸುವಾಗ ಬಹಳ ಕಡೆ ಒಂದೇ ಅನ್ಯಾಯವನ್ನು ನೋಡಿದ್ದೇನೆ. ಗಟ್ಟಿಯಾಗಿ ನಿಲ್ಲಲಿ ಎಂದು ಕೆಳಪಟ್ಟಿಕೆಯ ಅರ್ಧಕ್ಕೆ ಸಿಮೆಂಟ್ ತುಂಬಿಬಿಡುತ್ತಾರೆ. ನೆಲದಲ್ಲಿ ಹೂಳುವುದಕ್ಕೆಂದೇ ಶಿಲ್ಪಿ ಬುಡದಲ್ಲಿ ಒರಟಾದ ಭಾಗವನ್ನು ಬಿಟ್ಟಿರುತ್ತಾನೆ. ಅಷ್ಟನ್ನೇ ಹೂಳಿ, ಸುತ್ತ ಜಲ್ಲಿ ಮತ್ತು ಸುಣ್ಣದ ಗಾರೆ ಹಾಕಿ, ನೀರು ನಿಲ್ಲದೆ ಹರಿದುಹೋಗುವಂತೆ ಮಾಡಿ. ಸಿಮೆಂಟಿನ ಉಪ್ಪು ಮೆದುಕಲ್ಲಿನೊಳಗೆ ಏರಿ ಮೈಯನ್ನು ಹುಡಿ ಮಾಡುತ್ತದೆ. ಎನಾಮೆಲ್ ಬಣ್ಣ ಬಳಿದರೆ ಕಲ್ಲಿನೊಳಗಿನ ತೇವ ಹೊರಬರಲಾರದೆ ಪದರ ಬಿಡುತ್ತದೆ, ಅಕ್ಷರದ ಗೀರುಗಳೂ ತುಂಬಿಕೊಳ್ಳುತ್ತವೆ. ಆಸಿಡ್, ಕಾಸ್ಟಿಕ್ ಸೋಡಾ, ತಂತಿಬ್ರಷ್, ಗ್ರೈಂಡರ್ ಇವುಗಳಿಂದ ಹೊಳಪು ಬರುತ್ತದೆ, ಶಾಸನ ಹೋಗುತ್ತದೆ. ಎಣ್ಣೆಯ ಪದರವನ್ನು ತೆಗೆಯುವುದು ಸಂರಕ್ಷಣೆ ಬಲ್ಲವರ ಕೆಲಸ, ಅವರು ಬರುವವರೆಗೆ ಅದು ಹಾಗೇ ಇರಲಿ.

ದೀಪವಿಡುವ ಮನೆಯವರೊಂದಿಗೆ ಮೊದಲೇ ಕೂತು ಮಾತಾಡಿ. ಕಲ್ಲಿನ ಮುಂದೆ ಒಂದು ಚಿಕ್ಕ ಪಾದಪೀಠ ಇಟ್ಟು, ಎಣ್ಣೆ, ಕುಂಕುಮ, ಹೂವು ಎಲ್ಲವೂ ಅಲ್ಲಿಗೆ ಸಲ್ಲಲಿ, ಕಲ್ಲಿನ ಮೈಗೆ ನೀರು ಮಾತ್ರ ಎಂದು ಕೇಳಿಕೊಂಡರೆ ಒಪ್ಪುವವರೇ ಹೆಚ್ಚು. ಎತ್ತುವ ದಿನ ಮೊದಲ ಪೂಜೆ ಅವರ ಕೈಯಿಂದಲೇ ನಡೆಯಲಿ. ಅವರನ್ನು ಮೂಢರೆಂದು ಬದಿಗೆ ತಳ್ಳಿ ಮಾಡುವ ಸಂರಕ್ಷಣೆ ನಾಲ್ಕು ದಿನವೂ ಉಳಿಯುವುದಿಲ್ಲ.

ಉತ್ತರ: ಹಳಗನ್ನಡದ ಓದುಗ

ಕಾನೂನಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಚಿಕ್ಕದಾಗಿ ಸೇರಿಸುತ್ತೇನೆ. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪೂರ್ಣ ರಕ್ಷಣೆ ಸಿಗುವುದು ಸರ್ಕಾರ ಸಂರಕ್ಷಿತವೆಂದು ಘೋಷಿಸಿದವುಗಳಿಗೆ. ರಸ್ತೆ ಬದಿಯ ಬಹುಪಾಲು ವೀರಗಲ್ಲುಗಳು ಆ ಪಟ್ಟಿಯಲ್ಲಿಲ್ಲ. ಆದರೂ ನೂರು ವರ್ಷ ಮೀರಿದ ಶಿಲ್ಪ, ಶಾಸನಗಳು 1972ರ ಕೇಂದ್ರ ಕಾಯಿದೆಯ ಪ್ರಕಾರ ಪುರಾವಸ್ತುಗಳೇ. ಅಗೆಯುವಾಗ ಮಣ್ಣಿನೊಳಗಿಂದ ಬೇರೆ ಕಲ್ಲುಗಳೋ ನಾಣ್ಯಗಳೋ ಸಿಕ್ಕಿದರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೊಗಳ ಸಮೇತ ಈಗಲೇ ಪತ್ರ ಬರೆಯಿರಿ. ಗ್ರಾಮಸಭೆಯ ಠರಾವಿನಲ್ಲಿ ಹೊಸ ಜಾಗದ ಸರ್ವೆ ನಂಬರನ್ನು ನಮೂದಿಸಿ. ಠರಾವಿಲ್ಲದೆ ಸರಿಸಿದ ಕಲ್ಲನ್ನು ಮುಂದಿನ ರಸ್ತೆ ಕಾಮಗಾರಿಯಲ್ಲಿ ಮತ್ತೊಬ್ಬರು ಸರಿಸುತ್ತಾರೆ.

ಉತ್ತರ: ತುಂಗಾತೀರ

ಆ ಹುಡುಗನ ಫ್ಲೆಕ್ಸಿನ ಪ್ರಶ್ನೆ ಉಳಿದೇಹೋಯಿತು. ವೀರಗಲ್ಲು ನಿಂತಾಗ ಅದೂ ಊರಿನವರ ಹಸಿ ದುಃಖವೇ ಆಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಅದನ್ನು ನೋಡಬೇಕು. ಅವನ ಗೆಳೆಯರು ಅದೇ ಕಲ್ಲಿನ ಪಕ್ಕದಲ್ಲಿ ಅವನಿಗೂ ಒಂದು ಜಾಗ ಹುಡುಕಿದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೆ ಕೆಲಸದವರು ಬಂದು ಹರಿದು ಚರಂಡಿಗೆ ಎಸೆಯುವ ಮುನ್ನ, ಊರಿನ ಹಿರಿಯರೊಬ್ಬರು ಅವನ ತಾಯಿತಂದೆಯ ಹತ್ತಿರ ಹೋಗಿ, ಅವರ ಒಪ್ಪಿಗೆ ಪಡೆದು, ಗೆಳೆಯರ ಕೈಯಿಂದಲೇ ಅದನ್ನು ಬಿಚ್ಚಿಸಿ ಮನೆಗೆ ತಲುಪಿಸಬೇಕು. ರಸ್ತೆಯಲ್ಲಿ ಹೊಸ ಪ್ರತಿಮೆ, ಕಟ್ಟೆಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ಆದೇಶಿಸಿರುವುದರಿಂದ ಅಲ್ಲಿ ಕಲ್ಲು ಕಟ್ಟೆ ನಿಲ್ಲಿಸಲಾಗದು. ಆದರೆ ಸತ್ತವರ ಹೆಸರಿನಲ್ಲಿ ದಾರಿಹೋಕರಿಗೆ ಬೇಸಗೆಯಲ್ಲಿ ಅರವಟ್ಟಿಗೆ ಇಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಬಸ್ ನಿಲ್ದಾಣದ ಒಳಗೆ ಕುಡಿಯುವ ನೀರಿಗೆ ಅವನ ಹೆಸರಿಡಲು ಪಂಚಾಯಿತಿ ಒಪ್ಪಬಹುದು. ರಸ್ತೆ ಅಗಲಿಸುವವರಿಗೆ ಆ ತಿರುವಿನ ಅಪಾಯವನ್ನು ಲಿಖಿತವಾಗಿ ತಿಳಿಸಿ, ಎಚ್ಚರಿಕೆಯ ಫಲಕವನ್ನೂ ತಡೆಗೋಡೆಯನ್ನೂ ಕೇಳಲು ಇದೇ ಸರಿಯಾದ ಸಮಯ. ಅವನಿಗಾಗಿ ನೀವು ಮಾಡಬಹುದಾದ ಕೆಲಸಗಳಲ್ಲಿ ನಾನು ಇದನ್ನೇ ಮೊದಲು ಇಡುತ್ತೇನೆ.

ಪ್ರಶ್ನೆ ಕೇಳಿದವರಿಂದ: ಕೆರೆಏರಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. 8ನೆಯ ಸಂಪುಟವನ್ನು ಹುಡುಕಲು ಜಿಲ್ಲಾ ಗ್ರಂಥಾಲಯಕ್ಕೆ ಹೋಗುವವರನ್ನು ಗೊತ್ತುಮಾಡಿದ್ದೇವೆ. ದೀಪವಿಡುವ ಮನೆಯ ಅಜ್ಜಿಯೊಂದಿಗೆ ಮಾತಾಡಿದೆ. ಬಸ್ ನಿಲ್ದಾಣದ ಹಿಂದಿನ ಜಾಗಕ್ಕೆ, ಎರಡೂ ಕಲ್ಲುಗಳನ್ನು ಅಗಲಿಸದೆ, ಈಗಿರುವಂತೆಯೇ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸುವುದಾದರೆ ತನ್ನ ಅಡ್ಡಿಯಿಲ್ಲ ಎಂದರು. ಬಣ್ಣ ಬಳಿಸುವ ಮಾತನ್ನು ಚಂದಾ ಎತ್ತುವವರು ಬಿಟ್ಟಿದ್ದಾರೆ, ಗ್ರಾನೈಟ್ ಮಾತ್ರ ಇನ್ನೂ ಬಿಟ್ಟಿಲ್ಲ. ದಾನಿಗಳ ಹೆಸರುಗಳನ್ನು ಮಂಟಪದ ಮುಂಭಾಗದಲ್ಲೇ ಕೆತ್ತಿಸಬೇಕೆಂಬ ಒತ್ತಾಯವೂ ಇದೆ.

ಉತ್ತರ: ಬಯಲುಸೀಮೆ

ಗ್ರಾನೈಟ್ ನೆಲಕ್ಕೆ ಹಾಸಿದರೆ ಹಾಸಲಿ, ಕಲ್ಲಿನ ಮೈಗೆ ತಾಗದಿದ್ದರೆ ಸಾಕು. ದಾನಿಗಳ ಹೆಸರುಗಳನ್ನು ಹಿಂಬದಿಯ ಗೋಡೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ ಹಾಕಿಸಿ. ಮುಂಭಾಗದ ಫಲಕದಲ್ಲಿ ಸತ್ತವರಿಬ್ಬರ ಹೆಸರು, ಕಾಲ, ಶಾಸನದ ಪಾಠ, ಅದರ ಇಂದಿನ ಕನ್ನಡ ರೂಪ ಇಷ್ಟೇ ಇರಲಿ. ಶಾಲೆಯ ಮಕ್ಕಳು ನಿಂತಲ್ಲಿಂದಲೇ ಓದುವಷ್ಟು ದೊಡ್ಡದಾಗಿರಲಿ.